ನಲವತ್ತೇಳನೇ ಪುಟದ ‘ಬಹುದು’

“ಅದನ್ನ ಮುಟ್ಟಬೇಡಿ, ಇಲ್ಡಾ,” ಅಂದಳು ಲಿಯೋನಾ ಟ್ರಾಸ್ಕ್. “ಮಾರ್ನೀಗೆ ಇಷ್ಟ ಆಗಲ್ಲ.”

ಮುಟ್ಟಬೇಡಿ ಅಂದಿದ್ದನ್ನು ಮುಟ್ಟೋದೇ ನನ್ನ ಕಸುಬು. ಇಪ್ಪತ್ತಾರು ವರ್ಷ ಬಾಸ್ಟನ್ ಪೊಲೀಸ್‌ನಲ್ಲಿ ಅದನ್ನೇ ಮಾಡಿ ನಿವೃತ್ತಳಾದವಳು ನಾನು. ಮಾರ್ನೀ ಗೆಲ್ಲರ್ಟ್‌ಳ ಕಪಾಟಿನ ಮೇಲಿದ್ದ ಆ ಗಾಜಿನಂಥ ಗಟ್ಟಿಯನ್ನು ಎತ್ತಿಕೊಂಡೆ.

ಒಂದು ಕಂಪನಿ ಷೇರು ಪೇಟೆಗೆ ಕಾಲಿಟ್ಟ ದಿನ, ಅದಕ್ಕಾಗಿ ದುಡಿದವರಿಗೆಲ್ಲ ಇಂಥದ್ದೊಂದು ಗಟ್ಟಿ ಹಂಚುತ್ತಾರೆ. ಸೋಪಿನಷ್ಟು ದಪ್ಪ ಇರುತ್ತೆ. ಒಳಗೆ, ಷೇರು ಕೊಳ್ಳುವವರಿಗಾಗಿ ಕಂಪನಿ ಅಚ್ಚು ಹಾಕಿಸಿದ ಪುಸ್ತಕದ, ಅಂದರೆ ಪ್ರಾಸ್ಪೆಕ್ಟಸ್‌ನ ಮೊದಲ ಪುಟವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ಕೂರಿಸಿರುತ್ತಾರೆ. ಮಾರ್ನೀ ಹತ್ತೊಂಬತ್ತು ಗಟ್ಟಿ ಸಾಲಾಗಿ ಇಟ್ಟಿದ್ದಳು, ಎಲ್ಲವೂ ಔಷಧಿ ಕಂಪನಿಗಳದ್ದು. ಹದಿನೆಂಟು ನೆಟ್ಟಗಿದ್ದವು. ನನ್ನ ಕೈಯಲ್ಲಿದ್ದದ್ದು ಮಾತ್ರ ತಲೆಕೆಳಗಾಗಿ ಕೂತಿತ್ತು.

“ಇದ್ಯಾಕೆ ಉಲ್ಟಾ?”

“ಆ ಕಂಪನಿ ಔಷಧಿ ತಗೊಂಡು ಜನ ಸತ್ರು. ಆವತ್ತೇ ಮಗುಚಿಟ್ಟಳು. ನೆಟ್ಟಗೆ ಮಾಡೋಕೆ ಯಾರಿಗೂ ಬಿಡಲ್ಲ.”

ಮಾರ್ನೀ ಪಕ್ಕದಲ್ಲೇ ಇದ್ದ ಹಾಗೆ ಲಿಯೋನಾ ಮಾತಾಡುತ್ತಿದ್ದರೂ, ಸೋಮವಾರ ಸಂಜೆ ಇದೇ ಕಟ್ಟಡದ ಮೆಟ್ಟಿಲಿಂದ ಉರುಳಿದ ಮಾರ್ನೀ ಮೂರು ದಿನದಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಜಾರಿ ಬಿದ್ದಳು ಅಂತ ಪೊಲೀಸರು ಬರೆದುಕೊಂಡು ಹೋದರು. ಅವಳ ಚೀಲದಲ್ಲಿ ಮೆರೆನ್‌ವೇಲ್ ಬಯೋ ಕಂಪನಿಯ ಪ್ರಾಸ್ಪೆಕ್ಟಸ್ ಇತ್ತು, ಅದರಲ್ಲಿ ನಲವತ್ತೇಳನೇ ಪುಟ ಹರಿದು ಕಾಣೆಯಾಗಿತ್ತು. ಆ ಪುಟ ಹುಡುಕಿ ಕೊಡಿ ಅಂತ ಈ ಕಚೇರಿಯ ಯಜಮಾನಿ ಲಿಯೋನಾ ನನ್ನನ್ನು ಗೊತ್ತು ಮಾಡಿಕೊಂಡಿದ್ದಳು.

ಗಟ್ಟಿಯನ್ನು ತಿರುಗಿಸಿದೆ. ಅಡಿಯಲ್ಲಿ ಅಂಟುಪಟ್ಟಿ. ಪಟ್ಟಿಯ ಕೆಳಗೆ ಎಂಟು ಮಡಿಕೆ ಮಾಡಿದ ಒಂದು ಹಾಳೆ.

ಅಂದರೆ ಪುಟವನ್ನು ಯಾರೂ ಕದ್ದಿರಲಿಲ್ಲ. ಬೀಳೋಕೆ ಮುಂಚೆ ಮಾರ್ನೀನೇ ಹರಿದು ಇಲ್ಲಿ ಬಚ್ಚಿಟ್ಟಿದ್ದಳು. ಯಾರಿಗೋ ಹೆದರಿದ್ದಳು.

“ಕೊಡಿ,” ಅಂತ ಲಿಯೋನಾ ಕೈ ಚಾಚಿದಳು.

“ತಡೀರಿ. ಓದೋಣ.”

“ನಿಮ್ಮನ್ನ ಕರೆಸಿದ್ದು ಹುಡುಕೋಕೆ, ಓದೋಕಲ್ಲ.”

ನಾನು ಕಿಟಕಿ ಕಡೆ ತಿರುಗಿ ಹಾಳೆ ಬಿಡಿಸಿದೆ. ಅಪಾಯದ ಪುಟ. ಈ ಜನರ ಪುಸ್ತಕದಲ್ಲಿ ಅಂಥ ಪುಟ ಅರವತ್ತು ಇರುತ್ತವೆ. ನಮ್ಮ ಔಷಧಿ ಕೆಲಸ ಮಾಡದೆ ಇರಬಹುದು. ನಮ್ಮ ವಿಜ್ಞಾನಿ ಬಿಟ್ಟು ಹೋಗಬಹುದು. ಕಾರ್ಖಾನೆಗೆ ಬೆಂಕಿ ಬೀಳಬಹುದು. ವಕೀಲರು ಅಡುಗೆಗೆ ಉಪ್ಪು ಹಾಕಿದ ಹಾಗೆ ಪ್ರತಿ ಸಾಲಿಗೂ ಒಂದು ‘ಬಹುದು’ ಉದುರಿಸಿರುತ್ತಾರೆ. ಷೇರು ಕೊಳ್ಳುವವರು ಯಾರೂ ಓದಲ್ಲ.

ಮಾರ್ನೀ ಓದುತ್ತಿದ್ದಳು, ಅದೂ ಗಟ್ಟಿಯಾಗಿ. ಔಷಧಿ ಕಂಪನಿಗಳ ಪರವಾಗಿ ಹೂಡಿಕೆದಾರರ ಜೊತೆ ಮಾತಾಡೋದು ಅವಳ ಕೆಲಸ. ಬಾಯಲ್ಲಿ ಹೇಳೋಕೆ ನಾಚಿಕೆ ಆಗೋದನ್ನ ಕಾಗದದಲ್ಲೂ ಬರೀಬಾರದು ಅನ್ನೋದು ಅವಳ ಹಟವಂತೆ. ಅದಕ್ಕೇ ಇಡೀ ಕಚೇರಿ ಅವಳನ್ನು ರೇಡಿಯೋ ಅಂತ ಗೇಲಿ ಮಾಡುತ್ತಿತ್ತು.

ಪುಟದ ನಡುವೆ ಒಂದು ಸಾಲಿಗೆ ಹಸಿರು ಶಾಯಿ ತಾಗಿತ್ತು.

‘ಹೆಚ್ಚಿನ ಪ್ರಮಾಣದ ಔಷಧಿ ಪಡೆದ ರೋಗಿಗಳಲ್ಲಿ ಉಸಿರಾಟ ನಿಂತು ಸಾವು ಸಂಭವಿಸಬಹುದು.’

ಕೊನೆಯ ಪದಕ್ಕೆ ಅಡ್ಡಗೆರೆ. ಅದರ ಮೇಲೆ ಮಾರ್ನೀಯ ದುಂಡು ಅಕ್ಷರ: ‘ಸಂಭವಿಸಿದೆ. ಇಬ್ಬರು.’

ಆ ಸಾಲನ್ನು ಇನ್ನೊಮ್ಮೆ ಓದಿದೆ.

ಬೆಳಿಗ್ಗೆ ಏಳಕ್ಕೆ ಅಕ್ಕನಿಗೆ ಮೊಟ್ಟೆ ಹಾಕಿ ಹುರಿದ ನಿನ್ನೆಯ ಕಚುಪಾ, ನಮ್ಮ ಮನೆಯ ಜೋಳ-ಕಾಳಿನ ಅಡುಗೆ, ತಿನ್ನಿಸಿ ಬಂದಿದ್ದೆ. ಚಮಚ ಹಿಡಿದದ್ದು ನಾನು. ನಮ್ಮಕ್ಕ ಝೆಫಾ ಮೂವತ್ತು ವರ್ಷ ಡಾರ್ಚೆಸ್ಟರ್‌ನ ಮದುವಣಗಿತ್ತಿಯರಿಗೆಲ್ಲ ಬಟ್ಟೆ ಹೊಲಿದವಳು. ಎರಡು ವರ್ಷದ ಹಿಂದೆ ನರದ ಕಾಯಿಲೆ ಬಂದು ಮೊದಲು ಅವಳ ಕೈಗಳನ್ನೇ ತಿಂದುಹಾಕಿತು. ಮೆರೆನ್‌ವೇಲ್ ತನ್ನ ಹೊಸ ಔಷಧಿಯನ್ನು ಹದಿನಾಲ್ಕು ಜನರ ಮೇಲೆ ಪರೀಕ್ಷೆ ಮಾಡುತ್ತಿತ್ತು, ಅವರಲ್ಲಿ ಅವಳೊಬ್ಬಳು. ಇಷ್ಟು ದಿನ ಸಣ್ಣ ಡೋಸ್. ಇವತ್ತು ಮಧ್ಯಾಹ್ನ ಎರಡಕ್ಕೆ ಮೊದಲ ಸಲ ಹೆಚ್ಚಿನ ಡೋಸ್, ಬೆನ್ನುಹುರಿಗೆ.

ಇದನ್ನು ನಾನು ಲಿಯೋನಾಗೆ ಹೇಳಿರಲಿಲ್ಲ. ಹೇಳಿದ್ದರೆ ಈ ಕೆಲಸ ಕೊಡುತ್ತಿರಲಿಲ್ಲ. ಮೆರೆನ್‌ವೇಲ್ ಅನ್ನೋ ಹೆಸರು ಕಿವಿಗೆ ಬಿದ್ದಿದ್ದಕ್ಕೇ ನಾನು ಈ ಕೆಲಸ ಒಪ್ಪಿಕೊಂಡದ್ದು.

ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

“ಇಬ್ಬರು ಸತ್ತಿದ್ದು ನಿಮಗೆ ಗೊತ್ತಿತ್ತಾ?” ಅಂತ ಕೇಳಿದೆ.

ಲಿಯೋನಾ ಕುರ್ಚಿ ಎಳೆದು ಕೂತಳು. ಐವತ್ತೈದರ ಹೆಂಗಸು, ಯಾವಾಗಲೂ ಇಸ್ತ್ರಿ ಮಾಡಿದ ಹಾಗೆ ಇರುವವಳು. ಈಗ ಸುಕ್ಕಾಗಿದ್ದಳು.

“ಶನಿವಾರ ಮಾರ್ನೀ ಹೇಳಿದ್ಲು. ಹೂಡಿಕೆದಾರರಿಗೆ ತೋರಿಸೋ ಫಿಲ್ಮ್‌ಗೆ ಇನ್ನೊಬ್ರು ರೋಗಿ ಬೇಕಿತ್ತು. ಇಬ್ಬರಿಗೆ ಫೋನ್ ಮಾಡಿದ್ಲು. ಎರಡೂ ಕಡೆ ಮನೆಯವರು ಎತ್ತಿದ್ರು. ಒಂದು ಮನೇಲಿ ಆವತ್ತೇ ಮಣ್ಣು ಮಾಡಿ ಬಂದಿದ್ರಂತೆ,” ಅಂದಳು.

“ನೀವೇನು ಮಾಡಿದ್ರಿ?”

“ಮೆರೆನ್‌ವೇಲ್ ಯಜಮಾನ ಡಾಕ್ಟರ್ ರೀಡ್‌ಗೆ ಹೇಳು ಅಂದೆ.”

“ಅಷ್ಟೇನಾ?”

“ಇಲ್ಡಾ, ಇವತ್ತು ಸಂಜೆ ನಾಲ್ಕಕ್ಕೆ ಷೇರಿನ ಬೆಲೆ ಗೊತ್ತು ಮಾಡ್ತಾರೆ. ನಾಳೆ ಬೆಳಿಗ್ಗೆ ಷೇರು ಮಾರಾಟ. ಅಲ್ಲೀವರೆಗೂ ಮೌನದ ಅವಧಿ, ಕಂಪನಿಯವರು ಹೊರಗೆ ಬಾಯಿ ಬಿಡೋ ಹಾಗಿಲ್ಲ. ಆ ಹಾಳೆ ಇವತ್ತು ಹೊರಗೆ ಬಿದ್ರೆ ಎಲ್ಲ ನಿಂತೇ ಹೋಗುತ್ತೆ. ಅವರ ದುಡ್ಡಿಲ್ಲದೆ ನನ್ನ ಕಚೇರೀನೂ ನಿಲ್ಲುತ್ತೆ.”

“ಸಿಕ್ಕರೆ ಹೇಳ್ತೀನಿ ಅಂದಿದ್ದೆ, ಹೇಳಿದೀನಿ,” ಅಂತ ಹಾಳೆಯನ್ನು ಕೋಟಿನ ಜೇಬಿಗೆ ಇಟ್ಟುಕೊಂಡೆ. “ಕೊಡ್ತೀನಿ ಅಂತ ಹೇಳಿರಲಿಲ್ಲ.”

ಮೇಜಿನ ಮೇಲೆ ಹೊಸ ಪ್ರತಿಯೂ ಇತ್ತು. ಪ್ರಾಸ್ಪೆಕ್ಟಸ್ ಅಚ್ಚು ಹಾಕುವವರು ಪ್ರತಿ ತಿದ್ದುಪಡಿ, ಒಪ್ಪಿಗೆಯ ದಿನ ಗಂಟೆ ನಿಮಿಷ ಎಲ್ಲವನ್ನೂ ಪುಟದ ಅಡಿಯಲ್ಲಿ ಸಣ್ಣದಾಗಿ ಹಾಕಿರುತ್ತಾರೆ. ನಲವತ್ತೇಳನೇ ಪುಟ ತೆಗೆದೆ. ‘ಬಹುದು’ ತನ್ನ ಜಾಗದಲ್ಲಿ ತಣ್ಣಗೆ ಕೂತಿತ್ತು. ಅಡಿಯಲ್ಲಿ: ಸೋಮವಾರ, ಸಂಜೆ ಆರೂ ಇಪ್ಪತ್ತು.

ಮಾರ್ನೀ ಬಿದ್ದದ್ದು ಐದೂಕಾಲಕ್ಕೆ.

ಅಚ್ಚಿನ ಮನೆಯ ಓಡೆಲ್‌ಗೆ ಫೋನ್ ಹಚ್ಚಿದೆ.

“ಆ ಪದಾನಾ? ಬಿಡಿ ಮೇಡಂ, ಒಂದೇ ಸಂಜೆ ಎರಡು ಸಲ ನನ್ನ ಜೀವ ತಿಂದಿತ್ತು,” ಅಂದ. “ನಾಲ್ಕೂವರೆಗೆ ಮಾರ್ನೀ ಫೋನ್ ಮಾಡಿ ‘ಸಂಭವಿಸಿದೆ’ ಅಂತ ಹಾಕಿ ಅಂದ್ರು. ಡಾಕ್ಟರು ಒಪ್ಪಬೇಕಲ್ಲ ಅಂದೆ. ಒಪ್ಪಿಸ್ತೀನಿ, ತಿದ್ದಿದ ಹಾಳೆ ನಾನೇ ತಂದುಕೊಡ್ತೀನಿ ಅಂದ್ರು. ಬರಲೇ ಇಲ್ಲ.”

“ಆರೂ ಇಪ್ಪತ್ತಕ್ಕೆ ಯಾರು?”

“ಡಾಕ್ಟರ್ ರೀಡ್ ಅವರೇ. ಗಂಟಲು ಬಿದ್ದುಹೋಗಿತ್ತು ಪಾಪ, ಮೂರು ಸಲ ಕೇಳಿಸಿಕೊಂಡೆ. ಇದ್ದ ಹಾಗೇ ಬಿಡಿ ಅಂದ್ರು.”

ಕೆಳಗಿಳಿದೆ. ಒಳಬಾಗಿಲ ಮೇಜಿನಲ್ಲಿ ಕ್ಲೋಡೆಟ್ ಕೂತಿದ್ದಳು. ಈ ಕಟ್ಟಡಕ್ಕೆ ಬರೋರನ್ನೆಲ್ಲ ಹನ್ನೆರಡು ವರ್ಷದಿಂದ ಪುಸ್ತಕದಲ್ಲಿ ಬರೆಸಿಕೊಳ್ಳುವ ಹೈಟಿ ಹೆಂಗಸು. ಸೋಮವಾರದ ಹಾಳೆ ತೆಗೆಸಿದೆ. ನಾಲ್ಕೂ ಐವತ್ತಕ್ಕೆ ಮಾರ್ನೀನ ನೋಡೋಕೆ ಒಬ್ಬರು ಬಂದಿದ್ದರು. ಹೆಸರಿನ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು.

“ಇದ್ಯಾರು?”

“ಫಿಲ್ಮಿನಮ್ಮ. ಹೆಸರು ಗೊತ್ತಿಲ್ಲ, ನಾವೆಲ್ಲ ಹಾಗೇ ಕರೆಯೋದು. ಪೆನ್ನು ಹಿಡಿಯೋಕೆ ಆಗಲ್ಲ ಪಾಪ, ಹೆಬ್ಬೆಟ್ಟು ಒತ್ತಿಸಿಕೊಂಡೆ.”

“ವಾಪಸ್ ಹೋಗಿದ್ದು?”

“ನೋಡಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಹತ್ರ ಗಲಾಟೆ.”

“ಪೊಲೀಸರಿಗೆ ಹೇಳಿದ್ರಾ?”

“ಅವರು ಕೇಳಿದ್ರೆ ತಾನೇ,” ಅಂತ ಕ್ಲೋಡೆಟ್ ಪುಸ್ತಕ ಮುಚ್ಚಿದಳು.

ಹದಿನಾಲ್ಕು ರೋಗಿಗಳಲ್ಲಿ ಒಬ್ಬರಿಗೂ ಪೆನ್ನು ಹಿಡಿಯೋಕೆ ಆಗಲ್ಲ. ಇಬ್ಬರು ಸತ್ತರು, ಹನ್ನೆರಡು ಉಳಿದರು. ಆ ಹನ್ನೆರಡರಲ್ಲಿ ಫಿಲ್ಮಿನಲ್ಲಿರೋದು ಯಾರು ಅಂತ ತಿಳಿದರೆ ಮೆಟ್ಟಿಲಲ್ಲಿ ನಡೆದದ್ದು ತಿಳಿಯುತ್ತೆ. ಆದರೆ ಅದಕ್ಕಿಂತ ಮೊದಲು ಎರಡು ಗಂಟೆಯ ಸೂಜಿ ನಿಲ್ಲಬೇಕು. ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಆಸ್ಪತ್ರೆಯ ವ್ಯಾನು ಹನ್ನೆರಡಕ್ಕೆ ಬಂದು ಕರೆದುಕೊಂಡು ಹೋಗಿರುತ್ತೆ, ಫೋನು ಚೀಲದಲ್ಲಿರುತ್ತೆ. ಚೀಲದ ಜಿಪ್ ಎಳೆಯೋಕೆ ಅವಳಿಗೆ ಕೈ ಬರಲ್ಲ. ಆಸ್ಪತ್ರೆಯ ಫೋನು ಕಾಯಿಸಿ ಕಾಯಿಸಿ ಕಡಿದುಹೋಯಿತು; ರೀಡ್ ಒಂದು ಮಾತು ಹೇಳಿದರೆ ಕೂಡಲೇ ನಿಲ್ಲಿಸುತ್ತಾರೆ.

ಮೆರೆನ್‌ವೇಲ್ ಇದ್ದದ್ದು ಎರಡು ಬೀದಿ ಆಚೆ. ಹೊರಗೆ ಕಾಯಿಸುವುದರಲ್ಲೇ ಮುಕ್ಕಾಲು ಗಂಟೆ ತಿಂದರು. ಮಾರ್ನೀ ಹಸಿರು ಶಾಯಿಯಲ್ಲಿ ತಿದ್ದಿದ ಹಾಳೆ ನನ್ನ ಹತ್ತಿರ ಇದೆ ಅಂತ ಚೀಟಿ ಬರೆದು ಕಳಿಸಿದೆ. ಎರಡೇ ನಿಮಿಷಕ್ಕೆ ಬಾಗಿಲು ತೆರೆಯಿತು.

ಡಾಕ್ಟರ್ ಆನ್ಸೆಲ್ಮ್ ರೀಡ್ ಮಂಚದಂಥ ಸೋಫಾದ ತುದಿಯಲ್ಲಿ ಕೂತಿದ್ದ. ಅರವತ್ತು ದಾಟಿದವನು, ಕಾಲಲ್ಲಿ ಬರೀ ಸಾಕ್ಸು. ಪಕ್ಕದಲ್ಲಿ ಜೇನು ಕದಡಿದ ಬಿಸಿನೀರು. ಒಂಬತ್ತು ದಿನದಲ್ಲಿ ಅರವತ್ತೆಂಟು ಹೂಡಿಕೆದಾರರ ಮುಂದೆ ಒಂದೇ ಮಾತು ಹೇಳಿ ಹೇಳಿ ದನಿ ಪೂರ್ತಿ ಹೋಗಿತ್ತು. ಪಿಸುಗುಟ್ಟಿಯೇ ಮಾತಾಡಿದ.

“ಎಷ್ಟು ಬೇಕು ನಿಮಗೆ?”

“ಒಂದು ಫೋನ್ ಕರೆ ಬೇಕು. ನದಿ ಆಚೆ ಆಸ್ಪತ್ರೇಲಿ ಎರಡು ಗಂಟೆಗೆ ಒಬ್ಬರಿಗೆ ಹೆಚ್ಚಿನ ಡೋಸ್ ಕೊಡ್ತಿದ್ದಾರೆ. ಬೇಡ ಅನ್ನಿ.”

“ಅದು ನಿಮಗೆ ಹೇಗೆ ಗೊತ್ತು?”

“ಗೊತ್ತು. ಇಬ್ಬರು ಸತ್ತಿದ್ದಾರೆ, ಡಾಕ್ಟರೇ.”

“ಈ ಕಾಯಿಲೆ ಎಲ್ಲರನ್ನೂ ಕೊಲ್ಲುತ್ತೆ.”

“ಡೋಸ್ ತಗೊಂಡು ಎರಡೇ ವಾರಕ್ಕಾ?”

“ಒಬ್ಬರು ಹನ್ನೊಂದು ದಿನ. ಇನ್ನೊಬ್ಬರು ಹದಿನಾರು,” ಅಂದ. ಅಂದ ಮೇಲೆ ನೀರಿನ ಲೋಟ ಎತ್ತಿಕೊಂಡ, ಕುಡಿಯಲಿಲ್ಲ.

ಎರಡು ವಾರ ಅಂತ ನಾನು ಸುಮ್ಮನೆ ಗಾಳಿಗೆ ಗುಂಡು ಹಾರಿಸಿದ್ದೆ. ಅವನೇ ಲೆಕ್ಕ ತಿದ್ದಿಕೊಟ್ಟ.

“ಹಾಗಾದ್ರೆ ಎಣಿಸಿ ಇಟ್ಕೊಂಡಿದೀರಿ. ಆದರೂ ‘ಬಹುದು’ ಹಾಗೇ ಉಳಿಸಿದ್ರಿ.”

“ಇಬ್ಬರೂ ಬೇರೆ ಬೇರೆ ಊರಿನವರು, ಇಬ್ಬರೂ ಮನೇಲಿ ಸತ್ತಿದ್ದು. ಔಷಧಿಯಿಂದಾನೇ ಸತ್ರು ಅಂತ ಯಾರು ಹೇಳಿದ್ರು? ತಜ್ಞರ ಸಮಿತಿ ಬರೋ ಸೋಮವಾರ ಕೂರುತ್ತೆ. ಅವರು ಹೇಳಲಿ, ನಾನೇ ಬರೀತೀನಿ ‘ಸಂಭವಿಸಿದೆ’ ಅಂತ.”

“ಶುಕ್ರವಾರ ಷೇರು ಮಾರೋದು, ಸೋಮವಾರ ಸಾವು ಒಪ್ಪೋದು.”

“ನಾಳೆ ಆ ಹಣ ಬರದಿದ್ರೆ ಡಿಸೆಂಬರ್‌ಗೆ ಬಾಗಿಲು ಹಾಕ್ತೀನಿ,” ಅಂದ. ಕತ್ತಿನ ನರ ಉಬ್ಬಿತ್ತು, ಆದರೂ ಪಿಸುಮಾತೇ ಬರುತ್ತಿತ್ತು. “ಉಳಿದ ಹನ್ನೆರಡು ಜನಕ್ಕೆ ಸಣ್ಣ ಡೋಸ್ ಕೂಡ ಸಿಗಲ್ಲ. ಅವರಿಗೆ ಬೇರೆ ಏನಿದೆ? ಹೇಳಿ. ಈ ಭೂಮಿ ಮೇಲೆ ಬೇರೆ ಏನಿದೆ?”

ಬೇರೆ ಏನೂ ಇಲ್ಲ ಅನ್ನೋದು ಎರಡು ವರ್ಷದಿಂದ ನನಗೂ ಗೊತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

“ಫೋನ್ ಮಾಡಿ.”

“ಆಗಲ್ಲ. ಮೌನದ ಅವಧಿ. ಇವತ್ತು ನಾನು ಯಾರ ಜೊತೆ ಏನು ಮಾತಾಡಿದ್ರೂ ವಕೀಲರು ಕೇಳ್ತಾರೆ.”

“ಷೇರಿನ ವಿಷಯ ಬಾಯಿ ಬಿಡಬಾರದು ಅಂತ ಕಾನೂನು ಇರೋದು. ಸಾಯೋರ ವಿಷಯ ಬಾಯಿ ಬಿಡಬಾರದು ಅಂತ ಅಲ್ಲ.”

ಅವನು ತಲೆ ತಗ್ಗಿಸಿ ಫೋನನ್ನು ಆಚೆ ಸರಿಸಿದ.

“ಮಾರ್ನೀನ ತಳ್ಳಿದ್ದು ನೀವೇನಾ?”

“ಸೋಮವಾರ ಐದು ಗಂಟೆಗೆ ನಾನು ನ್ಯೂಯಾರ್ಕ್‌ನಲ್ಲಿದ್ದೆ. ಮೂವತ್ತು ಜನ ನನ್ನ ಮುಂದೆ ಕೂತಿದ್ರು. ಕೇಳಿಕೊಳ್ಳಿ.” ತಲೆ ಎತ್ತಿದ. “ಮಾರ್ನೀ ಮೇಲೆ ನನಗೆ ಸಿಟ್ಟಿಲ್ಲ. ಅವಳಷ್ಟು ಪ್ರಾಮಾಣಿಕಳಾಗಿ ಇರೋಕೆ ನನಗೆ ಆಗಲಿಲ್ಲ, ಅಷ್ಟೇ.”

ಸುಳ್ಳು ಹೇಳುವವರನ್ನು ಸಾಕಷ್ಟು ನೋಡಿದ್ದೇನೆ. ಪದದ ವಿಷಯದಲ್ಲಿ ಇವನು ಕಳ್ಳ. ಮೆಟ್ಟಿಲ ವಿಷಯದಲ್ಲಿ ಅಲ್ಲ.

“ಆವತ್ತು ಸಂಜೆ ಮಾರ್ನೀನ ನೋಡೋಕೆ ನಿಮ್ಮ ಫಿಲ್ಮಿನಲ್ಲಿರೋ ಹೆಂಗಸು ಬಂದಿದ್ರು,” ಅಂದೆ. “ಅದನ್ನ ಹಾಕಿ. ನೋಡಬೇಕು.”

ಅವನು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. “ಹೂಂ, ನೋಡಿ. ನೋಡಿ ಆಮೇಲೆ ಇವರ ಎದುರಿಗೆ ನಿಂತು ಹೇಳಿ, ಔಷಧಿ ನಿಲ್ಲಿಸ್ತೀವಿ ಅಂತ.”

ಒಂದೂವರೆ ನಿಮಿಷದ ಫಿಲ್ಮ್. ಮುಖ ಇಲ್ಲ. ಬಿಳಿ ಮೇಜಿನ ಮೇಲೆ ಒಂದು ಬಲಗೈ, ಪಕ್ಕದಲ್ಲಿ ಒಂದು ಸೂಜಿ. ಹೆಬ್ಬೆರಳು ಅಲುಗಿತು. ಅಲುಗಿ, ನಿಂತು, ಮತ್ತೆ ಅಲುಗಿ, ಪೂರ್ತಿ ಮಡಿಸಿಕೊಂಡು ತೋರುಬೆರಳಿಗೆ ತಾಗಿತು. ನಡುವೆ ಸೂಜಿ ನಿಂತಿತ್ತು.

ಹಿಂದಿನಿಂದ ಹೆಂಗಸಿನ ದನಿ: “ಎರಡು ವರ್ಷ ಆಗಿತ್ತು, ಇದನ್ನ ಮುಟ್ಟಿ.”

ಮಣಿಕಟ್ಟಿನ ಮೇಲೆ ಒಂದು ಹಳೆಯ ಸುಟ್ಟ ಕಲೆ. ನನಗೆ ಎಂಟು ವರ್ಷ ಇದ್ದಾಗ ಇಸ್ತ್ರಿಪೆಟ್ಟಿಗೆ ಆರಿಸದೆ ಆಟಕ್ಕೆ ಓಡಿದ್ದೆ. ಬೀಳುತ್ತಿದ್ದದ್ದನ್ನು ಹಿಡಿಯೋಕೆ ಹೋಗಿ ಅಕ್ಕ ಸುಟ್ಟುಕೊಂಡಿದ್ದಳು. ಅಮ್ಮ ಕೇಳಿದಾಗ ನನ್ನ ಹೆಸರು ಹೇಳಿರಲಿಲ್ಲ.

“ಏನಾಯ್ತು?” ಅಂತ ರೀಡ್ ಕೇಳಿದ್ದು ಕೇಳಿಸಿತು. ನಾನಾಗಲೇ ಬಾಗಿಲು ದಾಟಿದ್ದೆ.

ಟ್ಯಾಕ್ಸಿ ಸೇತುವೆಯ ಬಾಯಲ್ಲೇ ನಿಂತುಬಿಟ್ಟಿತು, ಮುಂದೆ ರಸ್ತೆ ರಿಪೇರಿ. ಇಳಿದು ಓಡಿದೆ. ಐವತ್ನಾಲ್ಕರ ಮಂಡಿಗಳು ಬಾಯಿಗೆ ಬಂದ ಹಾಗೆ ಬೈದವು. ಅಕ್ಟೋಬರ್ ಗಾಳಿ ನದಿ ಮೇಲಿಂದ ನೇರ ಎದೆಗೆ ಹೊಡೆಯುತ್ತಿತ್ತು.

ಸೋಮವಾರ ರಾತ್ರಿ ನಾನು ಮನೆಗೆ ಬಂದಾಗ ಅಕ್ಕ ಕೋಟು ಬಿಚ್ಚದೆ ಅಡುಗೆಮನೆ ಕುರ್ಚಿಯಲ್ಲಿ ಕೂತಿದ್ದಳು. ಬಿಚ್ಚಿಸೋಕೆ ನಾನಿರಲಿಲ್ಲವಲ್ಲ, ಅದಕ್ಕೇ ಅಂದುಕೊಂಡೆ. ಎಲ್ಲಿಗೆ ಹೋಗಿದ್ದೆ ಅಂತ ನಾನು ಕೇ‌ಳಲೇ ಇಲ್ಲ. ಊರೆಲ್ಲರ ಸುಳ್ಳು ಮೂಸಿ ನೋಡುವ ಮೂಗು ನನ್ನದು. ಮನೆಯೊಳಗೆ ಅದು ಕೆಲಸ ಮಾಡಿರಲಿಲ್ಲ.

ಆಸ್ಪತ್ರೆ ತಲುಪಿದಾಗ ಒಂದೂ ನಲವತ್ತು. ಐದನೇ ಮಹಡಿಯ ಕೋಣೆಯಲ್ಲಿ ಅಕ್ಕ ಹಸಿರು ಗೌನ್ ತೊಟ್ಟು, ಕಾಲು ಇಳಿಬಿಟ್ಟು ಮಂಚದ ಮೇಲೆ ಕೂತಿದ್ದಳು.

“ಏನೇ ಇದು, ಓಡಿ ಬಂದ ಹಾಗಿದೆ,” ಅಂದಳು. “ಊಟ ಮಾಡಿದ್ಯಾ?”

“ಅಕ್ಕ, ಸೋಮವಾರ ಸಂಜೆ ಎಲ್ಲಿದ್ದೆ?”

ಅವಳು ನಾವಿಬ್ಬರೇ ಇದ್ದಾಗ ಆಡುವ ಕ್ರಿಯೋಲು ಭಾಷೆಗೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದಳು.

“ಫಿಲ್ಮ್ ನೋಡಿದ್ಯಾ?”

“ನೋಡಿದೆ.”

“ಕೈ ಚೆನ್ನಾಗಿ ಕಾಣುತ್ತಾ?”

ನನಗೆ ಅಳು ಬಂತು. “ಕಾಣುತ್ತೆ. ಯಾಕೆ ಹೇಳಲಿಲ್ಲ ನಂಗೆ?”

“ಸೂಜಿಗೆ ದಾರ ಪೋಣಿಸಿ ತೋರಿಸೋಣ ಅಂತಿದ್ದೆ. ಬರೀ ಹಿಡಿದದ್ದನ್ನ ಏನು ಹೇಳೋದು.”

“ಈ ಡೋಸ್ ತಗೊಂಡು ಇಬ್ಬರು ಸತ್ತಿದ್ದಾರೆ.”

“ಗೊತ್ತು. ಮಾರ್ನೀ ಭಾನುವಾರ ಫೋನ್ ಮಾಡಿ ಹೇಳಿದ್ಲು. ಗುರುವಾರ ಹೋಗಬೇಡಿ ಅಂತ ಅತ್ತುಬಿಟ್ಲು. ಒಳ್ಳೆ ಹುಡುಗಿ ಕಣೇ.”

“ಗೊತ್ತಿದ್ದೂ ಬಂದು ಕೂತಿದೀಯಾ?”

“ದಿನಾ ಬೆಳಿಗ್ಗೆ ನನ್ನ ಬಾಯಿಗೆ ಚಮಚ ಇಡೋಳು ನೀನು. ಮೂಗು ಒರೆಸೋಳು ನೀನು. ಕಕ್ಕಸಿಗೆ ಕೂರಿಸಿ ಆಚೆ ತಿರುಗಿ ನಿಲ್ಲೋಳು ನೀನು. ನಾನು ನಿನ್ನನ್ನ ಎತ್ತಿ ಆಡಿಸಿದೋಳು.” ಬೇಜಾರಿಲ್ಲದೆ, ಅಡುಗೆಗೆ ಏನು ಹಾಕಿದೆ ಅಂತ ಹೇಳುವ ದನಿಯಲ್ಲೇ ಹೇಳಿದಳು. “ಹನ್ನೊಂದು ದಿನ ಸಿಕ್ಕರೂ ಸಾಕು. ನನ್ನ ಕೈಲಿ ನಾನು ತಿಂದು ಸಾಯ್ತೀನಿ.”

“ಮೆಟ್ಟಿಲಲ್ಲಿ ಏನಾಯ್ತು, ಅಕ್ಕ?”

ಅವಳು ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಆ ಪದ ಬದಲಾಯಿಸಬೇಡಮ್ಮ ಅಂತ ಕೇಳೋಕೆ ಹೋದೆ. ಬದಲಾದ್ರೆ ಕಂಪನಿ ಮುಚ್ಚುತ್ತೆ, ನನ್ನ ಬೆರಳು ಮತ್ತೆ ಸಾಯುತ್ತೆ ಅಂದೆ. ಅವಳೂ ಅತ್ಲು, ನಾನೂ ಅತ್ತೆ. ಆದ್ರೂ ಚೀಲ ತಗೊಂಡು ಹೊರಟೇಬಿಟ್ಲು. ಲಿಫ್ಟಿನ ಹತ್ರ ಜನ ಇದ್ರು ಅಂತ ಮೆಟ್ಟಿಲ ಕಡೆ ತಿರುಗಿದ್ಲು. ಆ ಹಾಳೆ ಚೀಲದಲ್ಲೇ ಇದೆ ಅಂತ ನಾನು ಹಿಂದಿನಿಂದ ಚೀಲದ ಪಟ್ಟಿಗೆ ಕೈ ಹಾಕಿದೆ.”

“ಎಳೆದ್ಯಾ?”

“ಏನು ಹಿಡಿದ್ರೂ ಜಾರೋ ಕೈ ಕಣೇ ಇದು. ಲೋಟ ಜಾರುತ್ತೆ, ಬಾಚಣಿಗೆ ಜಾರುತ್ತೆ. ಇದೂ ಜಾರುತ್ತೆ ಅಂತಾನೇ ಹಾಕಿದ್ದು. ಅವಳೂ ಹಾಗೇ ಅಂದುಕೊಂಡು ಮುಂದಕ್ಕೆ ಜಗ್ಗಿದ್ಲು. ಹಿಡೀತು, ಇಲ್ಡಾ. ಎರಡು ವರ್ಷಕ್ಕೆ ಮೊದಲ ಸಲ ನನ್ನ ಕೈ ಬಿಗಿಯಾಗಿ ಹಿಡೀತು. ನಂಗೇ ಗಾಬರಿ ಆಗಿ ಬಿಟ್ಟುಬಿಟ್ಟೆ.”

ಕಾರಿಡಾರಿನಲ್ಲಿ ಯಾವುದೋ ಗಾಡಿ ಹೋಯಿತು. ಡಾಕ್ಟರನ್ನು ಒಪ್ಪಿಸುವವರೆಗೆ ಯಾರ ಕೈಗೂ ಸಿಗಬಾರದು ಅಂತ ಮಾರ್ನೀ ಅಷ್ಟು ಎಚ್ಚರಿಕೆಯಿಂದ ಬಚ್ಚಿಟ್ಟ ಹಾಳೆ ನನ್ನ ಜೇಬಿನಲ್ಲಿತ್ತು. ಚೀಲದಲ್ಲಿ ಅದು ಇರಲೇ ಇಲ್ಲ ಅಂತ ಅಕ್ಕನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಬಾಗಿಲು ತೆರೆದು ನರ್ಸ್ ಮೊರೀನ್ ಬಂದಳು. ಕೈಯಲ್ಲಿ ಒಂದು ಕಾಗದ, ಹಿಂದೆ ಮುಚ್ಚಿದ ತಟ್ಟೆಯ ಗಾಡಿ.

“ತಂಗಿ ಬಂದಿದ್ದು ಒಳ್ಳೇದಾಯ್ತು,” ಅಂದಳು. “ಯಾವಾಗಲೂ ಇದ್ದದ್ದೇ ಅಲ್ವಾ, ಝೆಫಾ ಹೆಬ್ಬೆಟ್ಟು, ನೀವು ಸಾಕ್ಷಿ. ಹೊಸ ಡೋಸ್ ಆದ್ದರಿಂದ ಒಂದು ಪ್ರಶ್ನೆ ಜಾಸ್ತಿ ಇದೆ.” ಕನ್ನಡಕ ಏರಿಸಿಕೊಂಡು ಓದಿದಳು. “ಈ ಔಷಧಿಯಿಂದ ಯಾರಿಗಾದರೂ ಪ್ರಾಣಾಪಾಯ ಆಗಿದೆ ಅಂತ ರೋಗಿಗಾಗಲೀ ಮನೆಯವರಿಗಾಗಲೀ ಹೊಸದಾಗಿ ತಿಳಿದುಬಂದಿದೆಯೇ?”

“ಇಲ್ಲ,” ಅಂದಳು ಅಕ್ಕ.

“ಮನೆಯವರು?”

ಜೇಬಿನ ಹಾಳೆಯ ಮೇಲೆ ಕೈ ಇಟ್ಟೆ.

“ಹೌದು ಅಂದ್ರೆ ಏನಾಗುತ್ತೆ?” ಅಂತ ಕೇಳಿದೆ.

“ಈಗಲೇ ನಿಲ್ಲಿಸ್ತೀವಿ. ಯಾರು ಹೇಳಿದ್ರು, ಎಲ್ಲಿಂದ ಗೊತ್ತಾಯ್ತು ಅಂತ ಇಲ್ಲಿ ಬರೀಬೇಕು.” ಮೊರೀನ್ ನಕ್ಕಳು. “ಸುಮ್ನೆ ಕೇಳೋದು, ಗಾಬರಿ ಆಗಬೇಡಿ.”

ಎಲ್ಲಿಂದ ಗೊತ್ತಾಯ್ತು. ಮಾರ್ನೀಯ ಹಾಳೆಯಿಂದ. ಹಾಳೆ ಹೊರಗೆ ಬಂದರೆ ಮೆಟ್ಟಿಲು ಹೊರಗೆ ಬರುತ್ತೆ. ಮೆಟ್ಟಿಲು ಬಂದರೆ ಕ್ಲೋಡೆಟ್‌ಳ ಪುಸ್ತಕದ ಹೆಬ್ಬೆಟ್ಟು ಬರುತ್ತೆ. ಹೌದು ಅಂದರೆ ಅಕ್ಕ ಬದುಕುತ್ತಾಳೆ, ಔಷಧಿಯಿಲ್ಲದೆ, ಜೈಲಿನಲ್ಲಿ. ಇಲ್ಲ ಅಂದರೆ ಅವಳಿಗೆ ಕೈ ಸಿಗುತ್ತೆ, ಎಷ್ಟು ದಿನಕ್ಕೋ ಗೊತ್ತಿಲ್ಲ.

“ನಾನು ಸಾಕ್ಷಿ ಹಾಕಲ್ಲ,” ಅಂದೆ. ಅಷ್ಟೇ ನನ್ನ ಕೈಲಾದದ್ದು. ಸಾಕ್ಷಿ ಇಲ್ಲದೆ ಹೆಬ್ಬೆಟ್ಟು ನಡೆಯಲ್ಲ, ಹತ್ತು ನಿಮಿಷ ಆದರೂ ಸಿಗುತ್ತೆ ಅಂತ.

“ಯಾಕೆ, ಏನಾಯ್ತು?” ಮೊರೀನ್‌ಳ ನಗು ನಿಂತಿತು.

“ಏನಿಲ್ಲ, ಅವಳಿಗೆ ಹೆದರಿಕೆ,” ಅಂದಳು ಅಕ್ಕ. “ಸಾಕ್ಷಿ ಬೇಕಿರೋದು ಹೆಬ್ಬೆಟ್ಟಿಗೆ ತಾನೇ? ಆ ಪೆನ್ನು ಇಲ್ಲಿ ಕೊಡಮ್ಮ.”

ಮೊರೀನ್ ಅರ್ಥವಾಗದೆ ಕೊಟ್ಟಳು. ಅಕ್ಕ ಪೆನ್ನನ್ನು ಎಡ ಅಂಗೈಯಿಂದ ತಳ್ಳಿ ಬಲಗೈಗೆ ದಾಟಿಸಿದಳು. ಹೆಬ್ಬೆರಳು ಮಡಿಸಿತು. ಕಾಗದದ ಮೇಲೆ ಬಗ್ಗಿ, ನಾಲಿಗೆ ಕಚ್ಚಿಕೊಂಡು, ಶಾಲೆಯಲ್ಲಿ ಬರೆಯುವವರ ಹಾಗೆ ಒಂದೊಂದೇ ಅಕ್ಷರ ಬರೆದಳು. ಜೋಸೆಫಾ ಫೋರ್ಟೆಸ್ ಅಂದ್ರಾದ್. ಗೆರೆ ನಡುಗಿತ್ತು, ಆದರೆ ಒಂದಕ್ಷರವೂ ಬಿಟ್ಟಿರಲಿಲ್ಲ.

“ಅಯ್ಯೋ ದೇವರೇ,” ಅಂತ ಮೊರೀನ್ ಬಾಯಿಗೆ ಕೈ ಇಟ್ಟುಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು. “ನೋಡಿದ್ರಾ, ಸಹಿ ಮಾಡಿದ್ರು. ಇದನ್ನ ಎಲ್ಲರಿಗೂ ತೋರಿಸಬೇಕು.”

ಅಕ್ಕ ಪೆನ್ನು ಬಿಡಲಿಲ್ಲ. ನನ್ನ ಕಡೆ ತಿರುಗಿ ಮತ್ತೆ ನಮ್ಮ ಭಾಷೆಯಲ್ಲೇ ಕೇಳಿದಳು.

“ಈಗ ಹೇಳೇ, ಪೊಲೀಸಮ್ಮ. ಈ ಕೈ ಆ ಹುಡುಗೀನ ಬೀಳಿಸಿರಬಹುದು ಅಂತ ಬರೀತೀಯಾ, ಬೀಳಿಸಿದೆ ಅಂತ ಬರೀತೀಯಾ?”

ಮೊರೀನ್‌ಗೆ ಅದು ಅರ್ಥವಾಗಲಿಲ್ಲ. ಕಣ್ಣೊರೆಸಿಕೊಂಡು, ಜೇಬಿನಿಂದ ಇನ್ನೊಂದು ಪೆನ್ನು ತೆಗೆದು, ಪ್ರಶ್ನೆಯ ಪಕ್ಕದ ಖಾಲಿ ಚೌಕದ ಮೇಲೆ ಇಟ್ಟಳು.

“ಮನೆಯವರು?” ಅಂತ ಇನ್ನೊಮ್ಮೆ ಕೇಳಿ, ನನ್ನ ಮುಖ ನೋಡುತ್ತ ಕಾದಳು.